ಕಡತದಲ್ಲಿ ಕಿಟ್ಟ, ಕಪಾಟಿನ ಮೇಲೆ ದೇವರು

ಖನಿಜಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಶಿವಮೊಗ್ಗದ ಕಚೇರಿಯ ಕಪಾಟಿನ ಮೇಲೆ ಮೂರು ಗೆರೆ ವಿಭೂತಿ ಬಳಿಸಿಕೊಂಡು ಕೂತಿರುವ ದೇವರು ನನ್ನದು. ಪರೀಕ್ಷೆ ಮಾಡಿಸಿ ಎಂದು ಕೊಟ್ಟದ್ದು. ನೀವು ಪೂಜೆ ಮಾಡಿಸುತ್ತಿದ್ದೀರಿ.

ನಾನು ಭದ್ರಾವತಿ ಹಳೇನಗರದವನು. ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟವನು. ಒಂದು ಕಡೆ ಕೂರುವುದು ನನ್ನಿಂದಾಗದು. ಗ್ರಾನೈಟ್ ಕತ್ತರಿಸುವ ಅಂಗಡಿಯಲ್ಲಿ ಕೆಲಸ, ರಜೆ ಸಿಕ್ಕರೆ ಬೈಕು ಹತ್ತಿ ಕಲ್ಲು ಹುಡುಕುವ ಚಟ. ಬೇಸಿಗೆಯಲ್ಲಿ ಪ್ರಸನ್ನಕುಮಾರ್ ಎಂಬುವವರ ಕ್ವಾರಿಯಲ್ಲಿ, ಅವರನ್ನು ಕೇಳಿಯೇ, ಬೇಡವೆಂದು ಬಿಸಾಡಿದ ಗುಡ್ಡೆ ಕೆದಕುತ್ತಿದ್ದಾಗ ಇದು ಸಿಕ್ಕಿತು: ಮುಷ್ಟಿಗಾತ್ರದ ಬಿಳಿ ಕ್ಯಾಲ್ಸೈಟ್ ಕಲ್ಲಿನಲ್ಲಿ ಹುದುಗಿದ, ಜೋನಿಬೆಲ್ಲದ ಬಣ್ಣದ ಚಪ್ಪಟೆ ಹರಳುಗಳು. ಸುತ್ತಿಗೆ ಹಾಕಿ ಹರಳು ಬಿಡಿಸಲು ಕೈ ತುರಿಸಿತು. ಬಿಡಿಸಿದರೆ ಅದು ಯಾವ ಕಲ್ಲಿನ ಜೊತೆ ಹುಟ್ಟಿತೆಂಬ ಗುರುತೇ ಹೋಗುತ್ತದೆ. ಹಾಗಾಗಿ ಇದ್ದಂತೆಯೇ ಹಳೆ ಪೇಪರಿನಲ್ಲಿ ಸುತ್ತಿ ತಂದೆ.

ಮನೆಯಲ್ಲಿ ನನಗೆ ತಿಳಿದಷ್ಟು ನೋಡಿದೆ. ಗಾತ್ರಕ್ಕೆ ಮೀರಿದ ಭಾರ. ಮೇಣ ಸವರಿದಂಥ ಹೊಳಪು. ತಾಮ್ರದ ತಂತಿಯಿಂದ ಕೆರೆದರೆ ಹರಳಿಗೆ ಗೀರು ಬೀಳಲಿಲ್ಲ, ಚಾಕುವಿನಿಂದ ಕೆರೆದರೆ ಬಿತ್ತು. ಹಳೆ ಹಾರ್ಡ್ ಡಿಸ್ಕಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹತ್ತಿರ ಹಿಡಿದರೆ, ನಾಚಿಕೊಂಡಂತೆ ಚೂರೇ ಚೂರು ಹರಳಿನತ್ತ ವಾಲಿತು. ನಿಂಬೆರಸ ಬಿಟ್ಟರೆ ಬಿಳಿ ಭಾಗ ಬುಸುಗುಟ್ಟಿತು, ಹರಳು ಸುಮ್ಮನಿತ್ತು. ಇದು ಬಾಸ್ಟ್ನಸೈಟ್ ಇರಬಹುದೆಂಬುದು ನನ್ನ ಅನುಮಾನ. ಎಲೆಕ್ಟ್ರಿಕ್ ಸ್ಕೂಟರಿನ ಅಯಸ್ಕಾಂತಕ್ಕೆ ಬೇಕಾದ, ದೇಶವೇ ಹುಡುಕುತ್ತಿದೆ ಎಂದು ಪೇಪರಿನವರು ಬರೆಯುವ ವಿರಳ ಲೋಹಗಳು ಇಂಥ ಕಾರ್ಬೊನೇಟ್ ಖನಿಜದಲ್ಲಿರುತ್ತವೆ. ಖಂಡಿತ ಅದೇ ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಒಡೆದ ಬಿಯರ್ ಬಾಟಲಿಯನ್ನು ಗೋಮೇಧಕವೆಂದು ಮನೆಗೆ ಹೊತ್ತು ತಂದವನು ನಾನು. ಅದಕ್ಕೇ ತಾನೆ ನಿಮ್ಮ ಬಳಿ ಬಂದದ್ದು?

ಕೌಂಟರಿನಲ್ಲಿದ್ದ ಶಶಿಧರ್ ಅವರು ಪೇಪರು ಬಿಚ್ಚುವ ಮೊದಲೇ ಕೇಳಿದರು: "ಯಾವೂರೋ?"

"ಭದ್ರಾವತಿ ಸಾರ್."

"ಹಂಗಾದ್ರೆ ಕಿಟ್ಟ ಬಿಡು ಮಾರಾಯ. ನಿಮ್ಮೂರಲ್ಲಿ ಕಾಲಿಟ್ಟಲ್ಲೆಲ್ಲ ಅದೇ ಅಲ್ವಾ?"

ಕಬ್ಬಿಣ ಕಾಯಿಸಿ ಉಳಿದ ಕಾರ್ಖಾನೆ ಕಸವೇ ಕಿಟ್ಟ. ನಮ್ಮೂರಿನಿಂದ ಯಾವ ಭಾರದ ಕಲ್ಲು ಬಂದರೂ ಅದಕ್ಕೆ ಇದೊಂದೇ ಹೆಸರು. "ಕಿಟ್ಟಕ್ಕೆ ಗುಳ್ಳೆ ತೂತಿರುತ್ತೆ ಸಾರ್, ಇದಕ್ಕಿಲ್ಲ ನೋಡಿ" ಎಂದೆ.

"ಎಷ್ಟು ಓದಿದೀಯ?"

"ಹತ್ತನೇ ಕ್ಲಾಸು, ಅರ್ಧ."

"ಸರಿ, ಅರ್ಧ ಕಿಟ್ಟ ಅಂತ ಬರ್ಕೊಳ್ಲಾ?"

ಪೂರ್ತಿ ಕಿಟ್ಟವೆಂದೇ ಬರೆದುಕೊಂಡು, ಸಾಹೇಬರಿಗೆ ತೋರಿಸುತ್ತೇನೆಂದು ಕಪಾಟಿನ ಮೇಲಿಟ್ಟರು.

ಆಮೇಲೆ ಆಯುಧಪೂಜೆ ಬಂತು. ಜೀಪು, ಕಂಪ್ಯೂಟರು, ಸ್ಟೇಪ್ಲರುಗಳಿಗೆ ವಿಭೂತಿ ಹಚ್ಚಿದ ಕೈ ನನ್ನ ಕಲ್ಲಿಗೂ ಹಚ್ಚಿತು. ಮರುವಾರ ಶಶಿಧರ್ ಅವರಿಗೆ ಬಹುಕಾಲದಿಂದ ನಿಂತಿದ್ದ ಬಡ್ತಿ ಬಂತು. ಅಲ್ಲಿಗೆ ಮುಗಿಯಿತು. ಈಗ ಪ್ರತಿ ಶುಕ್ರವಾರ ಮಂಗಳಾರತಿ. ತಾವೂ ಚಪ್ಪಲಿ ಬಿಟ್ಟು ಕೈಮುಗಿದೇ ಒಳಗೆ ಹೋಗುತ್ತೀರಂತೆ.

ವಾಪಸ್ ಕೇಳಿದರೆ ಶಶಿಧರ್ ಕೆನ್ನೆ ಬಡಿದುಕೊಂಡರು. "ಪೂಜೆ ಆದ ಕಲ್ಲು ಕಣೋ, ಹಂಗೆಲ್ಲ ಎತ್ತಿ ಕೊಡಕ್ಕಾಗಲ್ಲ. ಪವರ್ ಇದೆ ಅದಕ್ಕೆ."

"ಕಿಟ್ಟ ಅಂದ್ರಲ್ಲ ಸಾರ್?"

"ಅದು ಫೈಲಲ್ಲಿ."

ನಮ್ಮಮ್ಮ ಜಗದಾಂಬಾ ಉಪಾಯ ಹೇಳಿದರು: "ನಮ್ಮನೆ ದೇವರು, ಅಜ್ಜನ ಕಾಲದ್ದು ಅಂದ್ಬಿಡೋ. ಹೂ ಮುಡಿಸಿ ಕಳಿಸ್ತಾರೆ." ಸುಳ್ಳು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. "ಅದು ದೇವರಲ್ಲಮ್ಮ, ಕಾರ್ಬೊನೇಟು" ಎಂದೆ. "ಹಂಗಾದ್ರೆ ಅಲ್ಲೇ ಇರ್ಲಿ ಬಿಡು. ಅಲ್ಲಿ ದಿನಾ ಹೂವಾದ್ರೂ ಸಿಗ್ತಿದೆ" ಎಂದರು.

ಹೂವಿಗೆ ನನ್ನ ತಕರಾರಿಲ್ಲ. ತಕರಾರಿರುವುದು ನಿಂಬೆಹಣ್ಣಿಗೆ. ಪ್ರತಿ ಶುಕ್ರವಾರ ಕುಂಕುಮ ಸವರಿದ ಅರ್ಧ ನಿಂಬೆಹಣ್ಣನ್ನು ಆ ಕಲ್ಲಿನ ನೆತ್ತಿಗೆ ಒತ್ತಿ ಇಡುತ್ತಾರೆ. ಬಿಳಿ ಕಲ್ಲು ಬುಸುಗುಟ್ಟುವುದನ್ನು ಕಂಡು ಭಕ್ತರು ಪುಳಕಗೊಳ್ಳುತ್ತಾರೆ. ಮಾನ್ಯರೇ, ಅದು ಪವಾಡವಲ್ಲ, ಕಲ್ಲು ಕರಗುತ್ತಿದೆ! ಕಳೆದ ವಾರ ಕೌಂಟರಿನಿಂದ ಬಗ್ಗಿ ನೋಡಿದೆ, ಒಂದು ಹರಳಿನ ಬುಡ ಆಗಲೇ ಸಡಿಲವಾಗಿದೆ. ಇನ್ನೊಂದು ತರೋಣವೆಂದರೆ ಕ್ವಾರಿಯ ಆ ಗುಡ್ಡೆ ಜಲ್ಲಿಯಾಗಿ ಯಾವುದೋ ರಸ್ತೆಯಡಿ ಮಲಗಿದೆ. ಇರುವುದು ಇದೊಂದೇ. ಖನಿಜ ಕಾಯುವ ಕಚೇರಿಯೇ ಖನಿಜಕ್ಕೆ ಹುಳಿ ಹಿಂಡಿದರೆ ನಾವು ಯಾರ ಬಳಿ ಹೋಗಬೇಕು?

ಆದ್ದರಿಂದ ತೀರ್ಮಾನಿಸಿ. ಕಿಟ್ಟವಾದರೆ ಕಸದ ಬುಟ್ಟಿಗೆ ಹಾಕಿ, ನಾನು ಅಲ್ಲಿಂದ ಹೆಕ್ಕಿಕೊಳ್ಳುತ್ತೇನೆ. ಖನಿಜವಿರಬಹುದು ಎನಿಸಿದರೆ ಪ್ರಯೋಗಾಲಯಕ್ಕೆ ಕಳಿಸಿ. ಅವರೂ ಕಿಟ್ಟವೆಂದರೆ, ಅವರ ವರದಿಯನ್ನು ನಿಮ್ಮ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದುತ್ತೇನೆ, ಶಶಿಧರ್ ಅವರಿಗೆ ಕೇಳುವಂತೆ. ದೇವರೇ ಎಂದು ನಿಮ್ಮ ನಿರ್ಧಾರವಾದರೆ ಭೂತಗನ್ನಡಿ ಹಿಡಿದು ದರ್ಶನ ಮಾಡಲು ನನಗೆ ಅವಕಾಶ ಕೊಡಿ. ಯಾವುದಾದರೂ ಸರಿ, ಈ ಶುಕ್ರವಾರದಿಂದ ನಿಂಬೆಹಣ್ಣು ಬೇಡ. ಬಾಳೆಹಣ್ಣು ಸಾಕು.

ಇಂತಿ,
ಮಂಗಳಾರತಿ ತಟ್ಟೆ ಎದುರಿಗೆ ಬಂದಾಗ ಬೇರೆ ದಾರಿ ಕಾಣದೆ ತನ್ನ ಕಲ್ಲಿಗೆ ತಾನೇ ಕೈಮುಗಿದು ಬಂದ,
ಜ್ಞಾನೇಶ್, ಭದ್ರಾವತಿ