ಒಣಗದ ಬೂಟು

ಕೂಡ್ಲಿಗಿ, ೧೪ ಏಪ್ರಿಲ್ ೧೯೮೭, ಮಂಗಳವಾರ

"ಅಕ್ರಿಲಿಕ್ ಹಚ್ಚೂಣ್ರಿ ಮೇಷ್ಟ್ರ, ತಾಸಿನ್ಯಾಗ ಒಣಗತೈತಿ. ಎಣ್ಣಿ ಬಣ್ಣಕ್ಕ ವಾರ ಬೇಕು" ಎಂದು ಪೇಂಟರ್ ದಾವಲ್ ಸಾಬ್ ಮೊನ್ನೆಯೇ ಹೇಳಿದ್ದ. ನಾನು ಕೇಳಲಿಲ್ಲ. ಬಾಬಾಸಾಹೇಬರ ಆಳೆತ್ತರದ ಚಿತ್ರ ನೂರು ವರ್ಷ ಬಾಳಬೇಕು, ಪ್ಲಾಸ್ಟಿಕ್ ಬಣ್ಣ ಬೇಡ ಎಂದು ಹಟ ಹಿಡಿದೆ.

ಇವತ್ತು ಜಯಂತಿ. ಬೂಟಿನ ಕರಿ ಬಣ್ಣ ಇನ್ನೂ ಹಸಿ. ಚಿತ್ರದ ಕಾಲು ಮುಟ್ಟಿ ಹಣೆಗೊತ್ತಿಕೊಳ್ಳುವುದು ಗುಲಾಮಗಿರಿ, ಅವರನ್ನು ಓದಿ ಎಂದು ಮೈಕಿನಲ್ಲಿ ಗುಡುಗುತ್ತಾ ನೋಡಿದರೆ ಎಲ್ಲರ ಹಣೆಯಲ್ಲೂ ಕರಿ ಮಚ್ಚೆ. ಹೆಸರು ಹಿಡಿದು ಬೈದೆ. ಜನ ಬಿದ್ದು ಬಿದ್ದು ನಕ್ಕರು. ನಾಚಿಕೆಗೆಟ್ಟವರು ಎಂದುಕೊಂಡೆ.

ಮನೆಯಲ್ಲಿ ಹೆಂಡತಿ ಕನಕಮ್ಮ ಕನ್ನಡಿ ಹಿಡಿದಳು. "ಎಲ್ಲಾರ್ಗಿಂತ ಮೊದ್ಲು ನೀವ ಮುಟ್ಟೀರೇನ್ರಿ?"

ಸೀಮೆಎಣ್ಣೆ ಹಚ್ಚಿ ಹಣೆ ಉಜ್ಜುತ್ತಲೇ ಇದ್ದೇನೆ. ಹೋಗುತ್ತಿಲ್ಲ. ನೂರು ವರ್ಷ ಬಾಳುವ ಬಣ್ಣ, ನಾನೇ ಆರಿಸಿದ್ದು.