ಶಾಂತಕ್ಕನ ಫೋನಿಗೆ ಹೋಗುತ್ತಿದ್ದ ಮೆಸೇಜು

ಪ್ರೀತಿಯ ಶಾಂತಕ್ಕಾ,

ಭತ್ತದ ಲಾರಿಗಳು ಮಿಲ್ಲಿನ ಗೇಟಿನಿಂದ ರಸ್ತೆಯವರೆಗೆ ನಿಂತ ದಿನ ನೆನಪಿದೆಯಾ? ಗಂಗಾವತಿಯ ನಮ್ಮ ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ನಾವಿಬ್ಬರೂ ಆ ರೈಸ್ ಮಿಲ್ಲಿಗೆ ಬರೆದುಕೊಟ್ಟ ಮೊದಲ ವೆಬ್ ಪ್ರೋಗ್ರಾಮು ಅವತ್ತು ಕೆಟ್ಟಿತ್ತು. ಲಾರಿ ತೂಗಿದ ಮೇಲೆ ರೈತನಿಗೆ ಮೆಸೇಜು, ಆಮೇಲೆ ಗೋದಾಮಿನ ಲೆಕ್ಕ, ಆಮೇಲೆ ಬಿಲ್ಲು, ಎಲ್ಲ ಒಂದರ ಬಾಲಕ್ಕೊಂದು. ಮೆಸೇಜು ಹೋಗಲಿಲ್ಲ, ಬಿಲ್ಲೂ ನಿಂತಿತು. ನಾನು ಅಳುಮುಖ ಮಾಡಿದರೆ ನೀನು ನಕ್ಕುಬಿಟ್ಟೆ.

"ಡಂಗುರದಾಂವ ಮನಿಮನಿಗಿ ಹೊಕ್ಕು ಕೆಲ್ಸ ಹಚ್ತಾನೇನ? ಊರ ಅಗಸ್ಯಾಗ ನಿಂತು ಕೂಗಿ ಹೋಗ್ತಾನ. ಕೇಳಿದವ್ರು ತಮ್ಮ ಕೆಲ್ಸ ತಾವು ಮಾಡ್ಕೋತಾರ."

ಹಾಗೇ ತಿದ್ದಿ ಬರೆದೆವು. 'ತೂಕ ಆಯಿತು' ಅಂತ ಕೂಗುವುದಷ್ಟೇ ಡಿಸ್ಪ್ಯಾಚರ್ ಎಂಬ ಭಾಗದ ಕೆಲಸ. ಆ ಕೂಗು ಕೇಳಿ ಕೆಲಸ ಮಾಡಲು ಬಿಲ್ಲಿಗೊಂದು ಲಿಸನರ್, ಗೋದಾಮಿಗೊಂದು, ರೈತನ ಮೆಸೇಜಿಗೊಂದು. ಪರೀಕ್ಷೆ ಮಾಡಲಿಕ್ಕೆ ನಿನ್ನ ನಂಬರಿಗೂ ಒಂದು ಇಟ್ಟೆವು, ಲಾರಿ ತೂಗಿದಾಗಲೆಲ್ಲ ನಿನಗೂ ಮೆಸೇಜು. ಕೆಲಸ ಮುಗಿದ ಮೇಲೂ ಅದನ್ನು ತೆಗೆಯಲು ನೀನು ಬಿಡಲಿಲ್ಲ.

ಕೊಪ್ಪಳದ ಆಸ್ಪತ್ರೆಯ ಮಂಚದ ಮೇಲೂ ಆ ಫೋನು ನಿನ್ನ ದಿಂಬಿನ ಪಕ್ಕದಲ್ಲೇ ಇತ್ತಲ್ಲ. ಸದ್ದಾದಾಗೊಮ್ಮೆ ಕಣ್ಣು ತೆರೆದು, ಮಿಲ್ ನಡೆದಿದೆ ಅನ್ನುತ್ತಿದ್ದೆ. ನೀನು ಆರಾಮಾಗುತ್ತೀ ಅಂದುಕೊಂಡೇ ಇದ್ದೆ, ಹುಚ್ಚಿ ನಾನು... ನೀನು ಹೋಗಿಯೇಬಿಟ್ಟೆ.

ಮೊನ್ನೆ ಕುಷ್ಟಗಿಗೆ ಹೋದಾಗ ನಿಮ್ಮ ಅವ್ವ ಆ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಸುಗ್ಗಿ ಬೇರೆ, ದಿನವಿಡೀ ಲಾರಿಗಳು. "ಇದು ಸದ್ದಾದಾಗೊಮ್ಮೆ ಅಕಿ ಒಳಗದಾಳ ಅಂತ ಹೊಳ್ಳಿ ನೋಡ್ತೀನಿ. ನಿಲ್ಲಸವ್ವಾ," ಅಂದಳು. ಆಗಲಿ ಅಂದೆ. ಅಂಗಡಿಗೆ ಬಂದು ಪ್ರೋಗ್ರಾಮು ತೆರೆದರೆ ಕೈ ಏಳಲಿಲ್ಲ. ನಿನ್ನ ನಂಬರಿನ ಆ ಒಂದು ಸಾಲನ್ನೂ ಅಳಿಸಿದರೆ ನಿನ್ನದು ಅಂತ ಏನು ಉಳಿಯುತ್ತದೆ ಹೇಳು?

ಇವತ್ತು ಮುಂಜಾನೆ ಅಳಿಸಿದೆ ಅಕ್ಕಾ. ಮೊದಲ ಲಾರಿಯ ತೂಕ ಆಯಿತು. ಬಿಲ್ಲು ಬಂತು, ಗೋದಾಮಿನ ಲೆಕ್ಕ ಏರಿತು, ರೈತನಿಗೆ ಮೆಸೇಜು ಹೋಯಿತು. ಒಂದೂ ತಪ್ಪಿಲ್ಲ. ಎಲ್ಲೋ ಒಂದು ಕಡೆಯಾದರೂ ಕೆಡಬಾರದಿತ್ತೇ ಅಂತ ಸಂಕಟವಾಯಿತು.

ಸಂಜೆ ಅವ್ವನೇ ಫೋನ್ ಮಾಡಿಸಿದಳು.

"ನಿಂತದ್ದ ಛಲೋ ಆತವ್ವಾ. ಆದ್ರ ಮನಿ ಭಾಳ ಸುಮ್ಮಗಾಗೇತಿ. ನೀ ಬಂದು ಹೋಗು."

ನಾಳೆ ಮೊದಲ ಬಸ್ಸಿಗೆ ಕುಷ್ಟಗಿಗೆ ಹೊರಡುತ್ತೇನೆ ಅಕ್ಕಾ, ಇನ್ನು ಮೇಲೆ ವಾರಕ್ಕೊಮ್ಮೆಯಾದರೂ ಹೋಗುತ್ತೇನೆ. ಅವ್ವನ ಮುಂದೆ ಅಳಬಾರದು ಅಂದುಕೊಂಡಿದ್ದೇನೆ. ಆದೀತೋ ಇಲ್ಲವೋ...

ನಿನ್ನ,
ಗೌರಿ