ಮುನಿಯಕ್ಕನ ಸೊಪ್ಪಿನ ಗಾಡಿ ನಿಂತ ದಿನ

ಹದಿಮೂರನೇ ತಿಂಗಳು, ಕಡುಬಿಸಿಲಿನ ವಾರ
ಇಸವಿ ಎರಡು ಸಾವಿರದ ಮುನ್ನೂರ ಹನ್ನೊಂದು
ಹುಣಸೆಕೆರೆಪಾಳ್ಯ

ಹಿರಿಯರೇ,

ಮೇಲಿನ ತಾರೀಖು ನೋಡಿ ಕಾಗದವನ್ನು ಮಡಿಚಿಡಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೇ ತಿಂಗಳು ಇಲ್ಲವೆಂದು ನನಗೂ ಗೊತ್ತು. ಬೇಸಿಗೆ ಬರಬರುತ್ತ ಉದ್ದವಾಗಿ, ಏನೂ ಮಾಡಲಾಗದ ಒಂದಷ್ಟು ದಿನಗಳು ಪ್ರತಿ ವರ್ಷವೂ ನಡುವೆ ಸಿಕ್ಕಿಕೊಳ್ಳತೊಡಗಿದಾಗ, ನಮ್ಮ ಮುತ್ತಜ್ಜಂದಿರು ಉಳಿದ ತಿಂಗಳುಗಳಿಂದ ಒಂದೆರಡು ದಿನ ಕಿತ್ತು ಈ ತಿಂಗಳನ್ನು ಕಟ್ಟಿದರು. ಇದರಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಮನೆಗೆ ಪಾಯ ತೋಡುವುದಿಲ್ಲ. ನೆರಳಿನಲ್ಲಿ ಕೂತು ಕತೆ ಹೇಳುತ್ತೇವೆ, ಮನಸ್ಸಾದರೆ ಹಳಬರಿಗೆ ಕಾಗದ ಬರೆಯುತ್ತೇವೆ. ನನ್ನ ಮಾತಿನಲ್ಲಿ ನಿಮಗೆ ಗುರುತಿಲ್ಲದ ಪದಗಳು ಸಿಕ್ಕರೆ ಕ್ಷಮಿಸಿ. ನಿಮ್ಮ ಪದ ನನಗೆ ತಿಳಿದ ಕಡೆ ಅದನ್ನೇ ಬರೆದಿದ್ದೇನೆ. ತಿಳಿಯದ ಕಡೆ ನಮ್ಮದನ್ನು ಬರೆದು, ಅದೇನೆಂದು ಪಕ್ಕದಲ್ಲೇ ಹೇಳುತ್ತೇನೆ.

ಮೊದಲು ಸರದಿಗನ ವಿಷಯ. ಸರದಿಗನೆಂದರೆ ಮನುಷ್ಯನಲ್ಲ, ಊರಿನ ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಒಂದೊಂದಾಗಿ ಹೊರಡಿಸುವ ಯಂತ್ರ. ನೀವು ಅದನ್ನು ಜಾಬ್ ಶೆಡ್ಯೂಲರ್ ಎನ್ನುತ್ತಿದ್ದಿರಂತೆ. ನಿಮ್ಮ ಕಾಲದಲ್ಲಿ ಅದು ಕಂಪ್ಯೂಟರಿನೊಳಗೇ ಕೂತು ಕಡತಗಳನ್ನು ನಕಲು ಮಾಡಿಸುತ್ತಿತ್ತು, ವರದಿ ಕಳಿಸುತ್ತಿತ್ತು ಎಂದು ಕೇಳಿದ್ದೇನೆ. ನಮ್ಮಲ್ಲಿ ಅದು ಅಂಗಳಕ್ಕೂ ಇಳಿದಿದೆ. ಬೆಳಕು ಹರಿಯುವ ಮೊದಲು ಕಾಲುವೆಯ ಬಾಗಿಲು ಎತ್ತುವುದು, ಊರಿನ ಅಡುಗೆಮನೆಯಲ್ಲಿ ಎಸರು ಕಾಯಿಸುವುದು, ರಾಗಿ ಬೀಸುವುದು, ತರಕಾರಿ ಇಟ್ಟ ತಣ್ಣನೆ ಕೋಣೆಗೆ ಗಾಳಿ ಬಿಡುವುದು, ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯಿಸಿ ಗಾಡಿಯಲ್ಲಿ ಹುಳದ ಮನೆಗೆ ಮುಟ್ಟಿಸುವುದು, ಎಲ್ಲವೂ ಅದರ ಅಪ್ಪಣೆಯಂತೆ ನಡೆಯುತ್ತವೆ. ನಾವು ಎದ್ದು ಹಲ್ಲುಜ್ಜುವ ಹೊತ್ತಿಗೆ ಊರು ಅರ್ಧ ದಿನದ ಕೆಲಸ ಮುಗಿಸಿರುತ್ತದೆ.

ಈ ಕೆಲಸಗಳಿಗೆ ಒಂದೊಂದು ಹೆಸರು ಬೇಕಲ್ಲ. ಬೇರೆ ಊರುಗಳಲ್ಲಿ ‘ಕಾಲುವೆ’, ‘ಅಡುಗೆ’ ಎಂದು ಬರೆಯುತ್ತಾರೆ. ನಮ್ಮ ಊರಿನ ಪದ್ಧತಿ ಬೇರೆ. ಆ ಕೆಲಸವನ್ನು ಕೈಯಲ್ಲಿ ಮಾಡುತ್ತಿದ್ದ ಕೊನೆಯ ಮನುಷ್ಯರು ತೀರಿಕೊಂಡಾಗ, ಅವರ ಹೆಸರನ್ನೇ ಕೆಲಸಕ್ಕೆ ಇಡುತ್ತೇವೆ, ಅದೂ ಕನ್ನಡದ ಅಕ್ಷರಗಳಲ್ಲಿ. ಕಣ ಗುಡಿಸುವ ಕೆಲಸದ ಹೆಸರು ಪಿಳ್ಳಪ್ಪ. ಹುಳಕ್ಕೆ ಸೊಪ್ಪು ತರುವ ಕೆಲಸದ ಹೆಸರು ಮುನಿಯಕ್ಕ. ಕಾಲುವೆಯ ಬಾಗಿಲು ಎತ್ತುವುದರ ಹೆಸರು ಚೌಡಮ್ಮ. ನಲ್ಲಿಯಲ್ಲಿ ನೀರು ತಡವಾದರೆ ಹೆಂಗಸರು, “ಈ ಚೌಡಮ್ಮಂಗೆ ಇನ್ನೂ ಬೆಳಗಾಗಿಲ್ವೇನೋ” ಎಂದು, ತಾವು ಮುಖವನ್ನೇ ನೋಡದ ಮುದುಕಿಯ ಮೇಲೆ ಗೊಣಗುತ್ತಾರೆ. ಹೊರಗಿನವರಿಗೆ ಇದು ತಮಾಷೆ. ನಮಗೆ ಅಭ್ಯಾಸವಾಗಿದೆ.

ಈಗ ಅಕ್ಕಯಮ್ಮನನ್ನು ಪರಿಚಯ ಮಾಡಿಕೊಡುತ್ತೇನೆ. ಮುನಿಯಕ್ಕನ ಮಗಳು, ಮಂಡಿನೋವಿನ ಹೆಂಗಸು, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ಅವಳು ಸಾಕುತ್ತಿದ್ದದ್ದು ಹಳದಿ ಗೂಡು ಕಟ್ಟುವ ಹಳೆಯ ತಳಿಯ ರೇಷ್ಮೆ ಹುಳು. ನಮ್ಮ ಸೀಮೆಯಲ್ಲಿ ಆ ತಳಿ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಕಡುಬಿಸಿಲಿಗೆ ಬಿಳಿ ಹುಳುಗಳೆಲ್ಲ ಸಾಯುತ್ತಿದ್ದಾಗ ಇವು ಮಾತ್ರ ತಡೆದುಕೊಂಡಿದ್ದವು. ಗಾಯ ಹೊಲಿಯುವುದಕ್ಕೆ ಆಸ್ಪತ್ರೆಗಳು ಕೇಳುವ ನೂಲೂ ಇದರದೇ. ಅಮ್ಮ ಬಿಟ್ಟುಹೋದ ಒಂದು ಹಿಡಿ ಮೊಟ್ಟೆಯಿಂದ ಅಕ್ಕಯಮ್ಮ ತಳಿಯನ್ನು ಬೆಳೆಸಿಕೊಂಡು ಬಂದಿದ್ದಳು. ಈ ಬೆಳೆ ಕೈಗೆ ಬಂದರೆ ಬಿತ್ತನೆಗೆ ಮೊಟ್ಟೆ. ಬಾರದಿದ್ದರೆ ತಳಿ ಅಲ್ಲಿಗೆ ಮುಗಿಯಿತು.

ಹೋದ ಮಾಗಿಯಲ್ಲಿ ನಮ್ಮ ಹಳೆಯ ಸರದಿಗ ಸವೆದುಹೋಯಿತೆಂದು ಸೀಮೆ ಕಚೇರಿಯಿಂದ ಹೊಸದು ಬಂತು. ಯಂತ್ರ ನೋಡಿಕೊಳ್ಳುವ ತಿಮ್ಮರಾಯ ಅದನ್ನು ಕೂರಿಸಿದ. ಒಳ್ಳೆಯ ಹುಡುಗ, ಕೆಲಸ ಬಲ್ಲವನು, ಅಕ್ಕಯಮ್ಮನ ತಂಗಿಯ ಮಗ. ಪ್ರತಿ ಯಂತ್ರಕ್ಕೂ ನುಡಿಚೀಟಿ ಎಂಬುದೊಂದು ಇರುತ್ತದೆ. ನೀನು ಯಾವ ಭಾಷೆಯ ಊರಿನಲ್ಲಿದ್ದೀಯ, ಅಕ್ಷರಗಳನ್ನು ಯಾವ ಲೆಕ್ಕದಲ್ಲಿ ಓದಬೇಕು ಎಂದು ಅದಕ್ಕೆ ತಿಳಿಸುವ ಸೆಟ್ಟಿಂಗ್ ಅದು. ತಿಮ್ಮರಾಯ ಅದರಲ್ಲಿ ಕನ್ನಡ ಎಂದು ಬರೆದ, ಪಟ್ಟಿ ತೆರೆದು ಮೇಲಿನ ಕೆಲವು ಸಾಲು ನೋಡಿದ, ಮುನಿಯಕ್ಕ, ಪಿಳ್ಳಪ್ಪ, ಚೌಡಮ್ಮ ಎಲ್ಲರೂ ಮುದ್ದಾಗಿ ಕಂಡರು. ಸಮಾಧಾನವಾಗಿ ಊಟಕ್ಕೆ ಹೋದ.

ಆದರೆ ಅವನು ಬರೆದದ್ದು ತನ್ನ ಮೇಜಿನ ನುಡಿಚೀಟಿಯಲ್ಲಿ. ಸರದಿಗ ಆ ಮೇಜಿನ ಮುಂದೆ ಕೂರುವುದಿಲ್ಲ. ಅದು ತನ್ನ ಕೋಣೆಯಲ್ಲಿ ತಾನೇ ಏಳುತ್ತದೆ, ಏಳುವಾಗ ತನ್ನ ಬಾಗಿಲಲ್ಲಿರುವ ಚೀಟಿಯನ್ನು ಮಾತ್ರ ಓದುತ್ತದೆ. ಆ ಚೀಟಿ ಖಾಲಿಯಿತ್ತು. ಖಾಲಿ ಇದ್ದರೆ, ಈ ಯಂತ್ರವನ್ನು ಬಹಳ ಹಿಂದೆ ಮೊದಲು ಮಾಡಿದವರ ಬೆರಳೆಣಿಕೆಯ ಅಕ್ಷರಗಳಷ್ಟೇ ಅದಕ್ಕೆ ಗೊತ್ತು. ತನಗೆ ಗೊತ್ತಿಲ್ಲದ ಅಕ್ಷರ ಬಂದಾಗ ಅದು ಒಂದು ಪ್ರಶ್ನೆಗುರುತು ಹಾಕಿ ಮುಂದೆ ಹೋಗುತ್ತದೆ. ಜಗಳವಿಲ್ಲ, ಕೂಗಾಟವಿಲ್ಲ.

ಹುಳದ ಮನೆಗೆ ನಾವು ಕಂಡಕಂಡಾಗ ಹೋಗುವುದಿಲ್ಲ, ರೋಗ ತಗಲುತ್ತದೆಂದು. ಅಕ್ಕಯಮ್ಮ ಸ್ನಾನ ಮಾಡಿ ನಡು ಮಧ್ಯಾಹ್ನ ಒಂದು ಸಲ ಬಾಗಿಲು ತೆರೆಯುವುದು ವಾಡಿಕೆ. ಹೊಸ ಯಂತ್ರ ಬಂದ ಮಾರನೆಯ ದಿನ ಬಾಗಿಲು ತೆರೆದರೆ ಒಳಗೆ ಸದ್ದೇ ಇಲ್ಲ. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ ಕಳಚುವುದನ್ನು, ಮುಗಿಸಿ ಎದ್ದ ಹುಳುಗಳು ಸೊಪ್ಪು ಕಂಡರೆ ಮೇಯುವ ಸದ್ದು ಹೊರಗಿನ ಜಗಲಿಗೂ ಕೇಳಬೇಕು. ಅವಳು ತಟ್ಟೆಗಳನ್ನು ಎಳೆದು ನೋಡಿದಳು. ಒಣಗಿದ ಕಡ್ಡಿಗಳ ಮೇಲೆ ಹುಳುಗಳು ತಲೆ ಎತ್ತಿಕೊಂಡು ಸುಮ್ಮನೆ ಹುಡುಕುತ್ತಿದ್ದವು. ಮಂಡಿ ಹಿಡಿದುಕೊಂಡೇ ತಿಮ್ಮರಾಯನ ಬಾಗಿಲಿಗೆ ಬಂದಳು.

“ಏನೋ, ನಮ್ಮವ್ವ ನಿನ್ನೆಯಿಂದ ಸೊಪ್ಪು ತಂದಿಲ್ಲ ಕಣೋ.”

“ಇಲ್ಲೇ ಅವ್ಳಲ್ಲ ದೊಡ್ಡಮ್ಮ,” ಎಂದು ಅವನು ಮೇಜಿನ ಹಲಗೆಯನ್ನು, ಅಂದರೆ ನಿಮ್ಮ ಸ್ಕ್ರೀನನ್ನು, ತೋರಿಸಿದ. “ನೋಡು, ಮುನಿಯಕ್ಕ. ಕಾಗುಣಿತ ಸಮೇತ ಚೆನ್ನಾಗೈತೆ.”

“ನಿನ್ನ ಹಲಗೆ ಮೇಲೆ ಅವ್ಳೆ, ನನ್ನ ತಟ್ಟೇಲಿಲ್ಲ. ಹುಳ ಏನು ನಿನ್ನ ಹಲಗೆ ಮೇಯ್ತಾವಾ?”

ಆಗ ಅವನು ಎದ್ದು ಯಂತ್ರದ ಕೋಣೆಗೇ ಹೋದ. ಅಲ್ಲಿ ಗೋಡೆಯ ಮೇಲೆ ಸರದಿಗನದೇ ಒಂದು ಪುಟ್ಟ ಹಲಗೆ ಇದೆ, ಯಾರೂ ನೋಡುವುದಿಲ್ಲ. ಅದರ ತುಂಬ ಪ್ರಶ್ನೆಗುರುತುಗಳ ಸಾಲು. ಗುಣಿತ, ಒತ್ತುಗಳನ್ನೂ ಬಿಡಿಬಿಡಿಯಾಗಿ ಎಣಿಸುವ ಯಂತ್ರದ ಲೆಕ್ಕದಲ್ಲಿ ಉದ್ದ ಒಂದೇ ಇದ್ದ ಹೆಸರುಗಳೆಲ್ಲ ಅದರ ಕಣ್ಣಿಗೆ ಒಂದೇ ಹೆಸರಾಗಿದ್ದವು. ಒಂದೇ ಹೆಸರಿನ ಎರಡು ಕೆಲಸ ಬಂದರೆ ಹಿಂದಿನದನ್ನು ಬಿಟ್ಟು ಕೊನೆಯದನ್ನು ಇಟ್ಟುಕೊಳ್ಳುವುದು ಅದರ ಕ್ರಮ. ಮುನಿಯಕ್ಕನ ಹಿಂದೆಯೇ ಪಿಳ್ಳಪ್ಪ ಬಂದಿದ್ದ, ಅವಳ ಹೊತ್ತಿಗೂ ಅವನೇ ಹೊರಟಿದ್ದ. ಹೀಗಾಗಿ ಕಣ ಎರಡು ಹೊತ್ತು ಗುಡಿಸಿ ಕನ್ನಡಿಯಂತಿತ್ತು, ಸೊಪ್ಪಿನ ಗಾಡಿ ತೋಟದಲ್ಲೇ ನಿಂತಿತ್ತು.

ಅಷ್ಟು ಹೊತ್ತಿಗೆ ಬೇಲಿಯಲ್ಲಿ ಸಿಕ್ಕಷ್ಟು ಸೊಪ್ಪು ಕಿತ್ತು ಹಾಕಿದ್ದಾಯಿತು. ಅದು ಒಂದು ತುತ್ತಿಗೂ ಸಾಲದು, ತೋಟ ಇರುವುದು ಕೆರೆಯ ಆಚೆ ದಡದಲ್ಲಿ, ಗೂಡು ಕಟ್ಟುವವರೆಗೆ ದಿನವೂ ತಲೆಯ ಮೇಲೆ ಹೊತ್ತು ತೀರುವ ದೂರವಲ್ಲ. ಸಂಜೆಗೆ ಊರವರು ಜಗಲಿಯಲ್ಲಿ ಸೇರಿದರು. ತಿಮ್ಮರಾಯ ಇದ್ದದ್ದನ್ನು ಇದ್ದಂತೆ ಹೇಳಿದ. ನುಡಿಚೀಟಿಯನ್ನು ಸರದಿಗ ಏಳುವಾಗ ಮಾತ್ರ ಓದುತ್ತದೆ, ಓಡುತ್ತಿರುವಾಗ ಚೀಟಿ ಬದಲಿಸಿದರೆ ಪ್ರಯೋಜನವಿಲ್ಲ. ಪೂರ್ತಿ ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಎಬ್ಬಿಸಿದರೆ ಊರಿನ ಪ್ರತಿ ಬಾಗಿಲು, ಪ್ರತಿ ಗಾಡಿಯನ್ನೂ ಮುಟ್ಟಿ ನೋಡಿಕೊಂಡೇ ಅದು ಕೆಲಸ ಶುರುಮಾಡುವುದು. ಒಂದು ಹಗಲು ಪೂರ್ತಿ ಬೇಕು. ಆ ಹಗಲು ನೀರಿಲ್ಲ, ಬೀಸುವುದಿಲ್ಲ, ಎಸರಿಲ್ಲ.

ಪಿಳ್ಳಪ್ಪನ ಮೊಮ್ಮಗ ಕದಿರಪ್ಪ ಮೊದಲು ಬಾಯಿ ತೆಗೆದ. ವಯಸ್ಸು ದಾಟಿದರೂ ಮದುವೆಯಾಗದೆ ಉಳಿದವನು, ಊಟದ ಹೊತ್ತು ತಪ್ಪಿದರೆ ಸಹಿಸದವನು. “ನಾಕು ತಟ್ಟೆ ಹುಳಕ್ಕೆ ಊರೆಲ್ಲ ಉಪವಾಸ ಕೂರ್ಬೇಕಾ? ಬಿಸಿಲು ತಿಂಗಳಲ್ಲಿ ಹೆಂಗೂ ಯಂತ್ರ ತೊಳೆಯೋಕೆ ನಿಲ್ಲಿಸ್ತೀವಲ್ಲ, ಆವಾಗ ಮಾಡಿದ್ರಾಯ್ತು ಬುಡು.”

“ಅಲ್ಲೀಗಂಟ ಹುಳ ಏನ್ಮಾಡ್ತಾವಪ್ಪ?” ಎಂದಳು ಅಕ್ಕಯಮ್ಮ. “ನಿನ್ನ ಮದ್ವೆ ಊಟ ಹಾಕಿಸ್ತೀಯ ಅಂತ ಕಾಯ್ಕೊಂಡು ಕೂತಿರ್ತಾವಾ?”

ಜಗಲಿ ನಕ್ಕಿತು. ಅವಳು ಮಾತ್ರ ನಗಲಿಲ್ಲ, ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಒಂದು ಹುಳವನ್ನು ಅಂಗೈ ಮೇಲೆ ಬಿಟ್ಟು ತೋರಿಸಿದಳು. “ಇದು ಎರಡು ದಿನ ತಡ್ಕೊಂತದೆ. ಮೂರನೇ ದಿನ ಬಿದ್ದೋಯ್ತದೆ. ಆಮೇಲೆ ನೀವು ಯಾರನ್ನ ಕೇಳಿದ್ರೂ ಈ ತಳಿ ಸಿಗಕಿಲ್ಲ. ನಾನು ಕೇಳೋದು ಕೇಳಿದೀನಿ, ಇನ್ನು ನಿಮಗೆ ಬಿಟ್ಟಿದ್ದು.”

ಯಾರೋ ಸೀಮೆ ಕಚೇರಿಯ ಮಾತು ಎತ್ತಿದರು. ಈ ಅಕ್ಷರಗಳ ಗೋಜೇ ಬೇಡ, ಎಲ್ಲರಿಗೂ ನಂಬರು ಕೊಟ್ಟುಬಿಡಿ ಎಂದು ಅಲ್ಲಿಂದ ಸಲಹೆ ಬಂದಿತ್ತು. ಅದಕ್ಕೂ ನಿಲ್ಲಿಸಲೇಬೇಕು ಎಂದ ತಿಮ್ಮರಾಯ. ನಿಲ್ಲಿಸುವುದೇ ಆದರೆ ನಂಬರು ಯಾಕೆ ಎಂದು ಆ ಮಾತು ಅಲ್ಲಿಗೇ ಬಿದ್ದುಹೋಯಿತು. ಕದಿರಪ್ಪ ಮಾತ್ರ ಇನ್ನೂ ಏನನ್ನೋ ಯೋಚಿಸುತ್ತಿದ್ದ.

“ತಿಮ್ಮರಾಯ, ಇನ್ನೊಂದು ಸಲ ಹೇಳು. ಮುನಿಯಕ್ಕಜ್ಜಿ ಜಾಗದಲ್ಲಿ ಕೂತಿರೋದು ಯಾರು?”

“ನಿಮ್ಮ ತಾತ, ಮಾವ.”

“ಥೂ, ಈ ಮುದುಕ ಸತ್ತ ಮೇಲೂ ನನ್ನ ಮಾನ ಕಳೀತಾನೆ.” ಹೆಗಲ ಮೇಲಿನ ಟವೆಲ್ ಕೊಡವಿ ಎದ್ದ. “ನಿಲ್ಸಪ್ಪ ನಿನ್ನ ಯಂತ್ರನ. ಸೊಪ್ಪು ನಾನೇ ಹೊರ್ತೀನಿ. ಮಿಕ್ಕೋರೂ ಅಷ್ಟೇ, ಯಾರ ಮನೆ ಹಿರೀಕರ ಹೆಸರು ಯಾವ ಕೆಲಸಕ್ಕೈತೋ ಅವ್ರೇ ಒಂದಿನ ಮಾಡ್ರಿ.”

ಮಾರನೆಯ ಬೆಳಗ್ಗೆ ಸರದಿಗ ನಿಂತಿತು. ಅದರ ಗುಂಯ್ ಎನ್ನುವ ಸದ್ದು ನಿಂತ ಮೇಲೆಯೇ ಅಷ್ಟು ದಿನ ಆ ಸದ್ದು ಇತ್ತೆಂದು ನಮಗೆ ತಿಳಿದದ್ದು. ಆ ಹಗಲನ್ನು ನಾನು ವರ್ಣಿಸುತ್ತ ಹೋದರೆ ಈ ತಿಂಗಳು ಸಾಲದು. ಚೌಡಮ್ಮನ ಮರಿಮಕ್ಕಳಿಗೆ ಕಾಲುವೆಯ ಬಾಗಿಲಿಗೆ ಕೈಹಿಡಿ ಇದೆಯೆಂಬುದೇ ಗೊತ್ತಿರಲಿಲ್ಲ. ಹುಡುಕಿ, ತುಕ್ಕು ಉಜ್ಜಿ, ನಾಲ್ಕು ಜನ ನೇತುಬಿದ್ದು ಎತ್ತಿದರು. ನೀರು ಒಂದೇ ಸಲಕ್ಕೆ ನುಗ್ಗಿ ಎಲ್ಲರನ್ನೂ ತೊಯಿಸಿತು. ಬೀಸುವ ಕಲ್ಲಿನ ಮುಂದೆ ಇಬ್ಬರು ಓರಗಿತ್ತಿಯರು ವರ್ಷದ ಜಗಳ ಮುಗಿಸಿ ಹೊಸದೊಂದನ್ನು ಶುರುಮಾಡಿದರು. ಮುದ್ದೆ ಗಂಟುಗಂಟಾಗಿತ್ತು, ಯಾರೂ ಬೇಡವೆನ್ನಲಿಲ್ಲ. ಕದಿರಪ್ಪ ಸೊಪ್ಪಿನ ಕುಕ್ಕೆ ಹೊತ್ತು ಕೆರೆಯ ಏರಿಯ ಮೇಲೆ ಹೋಗುತ್ತ ಬರುತ್ತ ಇದ್ದ. ಅಕ್ಕಯಮ್ಮ ಸೊಪ್ಪನ್ನು ಸಣ್ಣಗೆ ಹರಡುತ್ತ, “ಒಂದೇ ಸಲ ಸುರೀಬೇಡ, ಹಸಿದ ಹೊಟ್ಟೆ ಅವು,” ಎಂದು ಅವನನ್ನು ಗದರುತ್ತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಹುಳದ ಮನೆಯೊಳಗೆ ಮೇಯುವ ಸದ್ದು ಮತ್ತೆ ಹುಟ್ಟಿತು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಎಲ್ಲ ಕಡೆ.

ಅತ್ತ ತಿಮ್ಮರಾಯ ಸರದಿಗನ ಸ್ವಂತ ಬಾಗಿಲಿನ ಚೀಟಿಯಲ್ಲಿ ಭಾಷೆಯನ್ನೂ ಅಕ್ಷರದ ಲೆಕ್ಕವನ್ನೂ ಬರೆದು ಎಬ್ಬಿಸಿದ್ದ. ಈ ಸಲ ತನ್ನ ಮೇಜನ್ನು ನಂಬಲಿಲ್ಲ. ಪರೀಕ್ಷೆಗೆಂದು ಒಂದು ಪುಟ್ಟ ಕೆಲಸ ಹುಟ್ಟಿಸಿ, ಆ ಕೆಲಸ ತನ್ನದೇ ಹೆಸರನ್ನು ಗೋಡೆಯ ಹಲಗೆಯ ಮೇಲೆ ಬರೆಯುವುದನ್ನು ಬಿಟ್ಟು ಬೇರೇನೂ ಮಾಡದಂತೆ ಇಟ್ಟು, ಅದಕ್ಕೆ ಕದಿರಪ್ಪ ಎಂದು ಹೆಸರಿಟ್ಟ.

“ಲೋ, ಬದುಕಿರೋನ ಹೆಸರು ಇಡಬಾರದಲ್ಲೋ!” ಎಂದ ಸೊಪ್ಪು ಇಳಿಸಿ ಬಂದಿದ್ದ ಕದಿರಪ್ಪ.

“ಒಂದು ಗಳಿಗೆ ಸತ್ತಿರು ಮಾವ, ಆಮೇಲೆ ಅಳಿಸ್ತೀನಿ.”

ಹಲಗೆಯ ಮೇಲೆ ಕದಿರಪ್ಪ ಎಂದು ದುಂಡಗೆ ಮೂಡಿತು. ಅದನ್ನು ಅಳಿಸಿದ ಮೇಲೆ ಉಳಿದವರೆಲ್ಲ ತಮ್ಮ ತಮ್ಮ ಹೆಸರಿನಲ್ಲಿ ಬಂದು ಸಾಲಾಗಿ ನಿಂತರು, ಮುನಿಯಕ್ಕನೂ ಪಿಳ್ಳಪ್ಪನೂ ಬೇರೆಬೇರೆಯಾಗಿ. ಕೆಳಗಿನ ತಟ್ಟೆಗಳ ಹುಳು ಉಳಿಯಲಿಲ್ಲ. ಮೇಲಿನವು ಬಲಿತು ಹಣ್ಣಾಗಿ ಚಂದ್ರಿಕೆ ಹತ್ತಿ ಗೂಡು ಕಟ್ಟಿದವು. ಬಿದಿರಿನ ಆ ಸುರುಳಿಗಳ ತುಂಬ ಅರಿಶಿನ ಚೆಲ್ಲಿದಂತಿತ್ತು. ಅಕ್ಕಯಮ್ಮ ಒಂದು ಗೂಡನ್ನೂ ನೂಲಿಗೆ ಕೊಡದೆ ಎಲ್ಲವನ್ನೂ ಬಿತ್ತನೆಗೆ ಬಿಟ್ಟಳು. ಚಿಟ್ಟೆಗಳು ಬಂದು ಮೊಟ್ಟೆಯಿಟ್ಟವು. ಈಗ ಆ ತಳಿ ಅಕ್ಕಪಕ್ಕದ ಊರುಗಳಲ್ಲೂ ಇದೆ.

ಇಷ್ಟಾದರೆ ನಾನು ಕಾಗದ ಬರೆಯುತ್ತಿರಲಿಲ್ಲ. ಅಂದು ಎಲ್ಲರ ಹೆಸರೂ ಬಂದಾಗ ಗೋಡೆಯ ಹಲಗೆಯ ಕೊನೆಯಲ್ಲಿ ಒಂದು ಸಾಲು ಪ್ರಶ್ನೆಗುರುತುಗಳು ಹಾಗೆಯೇ ನಿಂತಿದ್ದವು. ತಿಮ್ಮರಾಯ ಏನೇನೋ ಮಾಡಿ ನೋಡಿ ಕೈಚೆಲ್ಲಿದ. ಅದು ನಮ್ಮ ಯಂತ್ರದ ತಪ್ಪಲ್ಲ, ನಿಮ್ಮ ಕಾಲದಿಂದ ಇಳಿದು ಬಂದ ಮೂಲ ಪಟ್ಟಿಯಲ್ಲೇ ಹಾಗಿದೆ ಎಂದ. ಅಂದರೆ ನಿಮ್ಮ ಕಾಲದಲ್ಲಿ ಯಾರೋ ಪಟ್ಟಿಯನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸುವಾಗ, ತಮ್ಮ ಮೇಜಿನಲ್ಲಿ ಚೆನ್ನಾಗಿ ಕಂಡಿತೆಂದು ಊಟಕ್ಕೆ ಎದ್ದು ಹೋಗಿದ್ದಾರೆ. ಅಕ್ಷರಗಳು ಒಮ್ಮೆ ಪ್ರಶ್ನೆಗುರುತಾಗಿ ಉಳಿದುಬಿಟ್ಟರೆ ಯಾವ ನುಡಿಚೀಟಿಯೂ ಅವನ್ನು ಮರಳಿ ತರಲಾರದು. ಆ ಕೆಲಸ ಈಗಲೂ ನಡೆಯುತ್ತದೆ. ಸಂಜೆ ಕೆರೆಯ ಮೆಟ್ಟಿಲ ಬಳಿಯ ಒಂದು ಸಣ್ಣ ದೀಪ ಹತ್ತಿಕೊಂಡು, ಎಲ್ಲರೂ ಮನೆ ಸೇರಿದ ಮೇಲೆ ಆರುತ್ತದೆ. ಹೊತ್ತಾದ ಮೇಲೆ ನೀರಿಗೆ ಬಂದವರು ಜಾರದಿರಲೆಂದು ಯಾರೋ ದಿನವೂ ಹಚ್ಚುತ್ತಿದ್ದಿರಬೇಕು. ಗಂಡಸೋ ಹೆಂಗಸೋ ನಮಗೆ ಗೊತ್ತಿಲ್ಲ. ಆ ದೀಪ ತಡವಾದರೆ ಯಾರ ಮೇಲೆ ಗೊಣಗಬೇಕೆಂದು ನಮಗೆ ತಿಳಿಯುವುದಿಲ್ಲ.

ಹಿರಿಯರೇ, ನಿಮ್ಮಲ್ಲಿ ಯಾರಾದರೂ ಇಂದು ಇಂಥ ಯಂತ್ರ ಕೂರಿಸುತ್ತಿದ್ದರೆ ನನ್ನದೊಂದು ಕೋರಿಕೆ. ನಿಮ್ಮ ಹಲಗೆಯಲ್ಲಿ ಅಕ್ಷರ ಸರಿಯಾಗಿ ಕಂಡ ಮೇಲೆ ಎದ್ದು ಹೋಗಬೇಡಿ. ಯಂತ್ರದ ಕಡೆಯಿಂದಲೂ ಒಮ್ಮೆ ನೋಡಿ. ಕೆರೆಯ ಮೆಟ್ಟಿಲಲ್ಲಿ ದೀಪ ಹಚ್ಚುವವರು ಈಗ ನಿಮ್ಮ ನಡುವೆಯೇ ಓಡಾಡುತ್ತಿದ್ದಾರೆ. ಹೋಗಿ ಅವರ ಹೆಸರು ಕೇಳಿಕೊಳ್ಳಿ. ನಮಗೆ ತಲುಪುವ ಹಾಗೆ ಬರೆದಿಡಿ. ನಾವು ಕಾಯುತ್ತಿರುತ್ತೇವೆ.

ನಿಮ್ಮವಳೇ ಆದ,
ಕತೆ ಹೇಳುವ ಗುರುಬಾಯಮ್ಮ